ಕೆಂಚನಗುಡ್ಡಕ್ಕೆ ನೀರು ಬರುವವರೆಗೆ

೫ ಅಕ್ಟೋಬರ್ ೧೯೯೮, ಸೋಮವಾರ. ಮೂಡಲಗಿ

ಎದೆ ಹೊಡೆದುಕೊಳ್ಳುತ್ತದೆ ಎಂದು ಹೋದರೆ ಗೋಕಾಕದ ಡಾಕ್ಟರು ಗುಳಿಗೆ ಬರೆದುಕೊಡಲಿಲ್ಲ. "ಎದಿ ಗಟ್ಟಿ ಐತಿ ನಿಮ್ದು. ತಲ್ಯಾಗ ಏನ್ ತಿರಗತೈತಿ ಅದನ್ನ ಹಾಳಿ ಮ್ಯಾಲ ಬರದ ಇಡ್ರಿ" ಅಂದರು. ಏಳನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ನನ್ನ ಫೋಟೋ ಸ್ಟುಡಿಯೋದ ಪಾವತಿ ಬಿಟ್ಟರೆ ಬೇರೆ ಏನೂ ಬರೆದವನಲ್ಲ. ಗೊಬ್ಬರದ ಅಂಗಡಿಯವರು ಕೊಟ್ಟ ಡೈರಿ ಖಾಲಿ ಬಿದ್ದಿತ್ತು, ಅದರಲ್ಲೇ ಬರೆಯುತ್ತಿದ್ದೇನೆ. ಬರೆದರೆ ಕಡಿಮೆಯಾಗುತ್ತದೋ, ಬರೆಯುತ್ತಾ ಇನ್ನಷ್ಟು ನೆನಪಾಗುತ್ತದೋ, ಅದೂ ಒಂದು ಚಿಂತೆ.

ದೀಪಾಲಿ ದಸರೆಯ ದಿನ ನನ್ನ ಕೈಯಲ್ಲಿ ಬನ್ನಿ ಇಟ್ಟು, ಅದೇ ಕೈಯಿಂದ ಟ್ರಂಕು ಎತ್ತಿಕೊಂಡು ಹುಕ್ಕೇರಿಗೆ, ತನ್ನ ತವರಿಗೆ ಹೋದಳು. ಮಗಳು ತೃಪ್ತಿಯನ್ನೂ ಕರೆದುಕೊಂಡು ಹೋದಳು.

ಕಾರಣ ಬರೆಯಬೇಕು. ಮಗಳ ಸಾಲಿ ಬಿಡಿಸಿದವನು ನಾನು. ಜುಲೈಯಲ್ಲಿ ಸಾಲಿಯ ಮುಂದಿನ ರಸ್ತೆಯಲ್ಲಿ ಒಂದು ಟ್ರ್ಯಾಕ್ಟರು ನಾಯಿಯ ಮೇಲೆ ಹಾಯ್ದದ್ದನ್ನು ಕಂಡೆ. ಆ ನಾಯಿಗಿಂತ ತೃಪ್ತಿ ಎಷ್ಟು ಎತ್ತರ ಇದ್ದಾಳು? ಮರುದಿನದಿಂದ ಕಳಿಸಲಿಲ್ಲ. ಇವತ್ತು ಬ್ಯಾಡ, ನಾಳೆ ಬ್ಯಾಡ ಅನ್ನುತ್ತಾ ದಸರೆ ಬಂತು.

"ನಿಮ್ಮವ್ವ ನಿಮ್ಮನ್ನ ಸಾಲಿ ಬಿಡಿಸಿದ್ರು, ನೀವು ಮಗಳನ್ನ ಬಿಡಿಸ್ರಿ. ಆಕಿ ನಾಳೆ ತನ್ನ ಮಗಳನ್ನ ಬಿಡಸ್ತಾಳ. ಮನಿತನದ ಪದ್ಧತಿ ಮುರೀಬಾರ್ದಲ್ಲ" ಅಂದಳು ದೀಪಾಲಿ. ಬಾಗಿಲಲ್ಲಿ ನಿಂತು ಮತ್ತೆ ಹೇಳಿದಳು. "ಹುಕ್ಕೇರ್ಯಾಗ ಆಕಿನ್ನ ಸಾಲಿಗೆ ಹಾಕ್ತೀನಿ. ಆಕಿನ್ನ ನಿಮ್ಮ ಕಣ್ಣ ಮುಂದಿಂದ ಕಳಿಸೂ ಧೈರ್ಯ ಬಂದ ದಿನ ಹೇಳ್ರಿ, ಬರ್ತೀನಿ."

ಅವ್ವ ನನ್ನ ಸಾಲಿ ಬಿಡಿಸಿದ್ದು ಖರೆ. ಹೈಸ್ಕೂಲಿನ ದಾರಿಗೆ ಹಳ್ಳ ಅಡ್ಡ ಇತ್ತು. ನನಗೆ ನೀರಿನ ಗಂಡಾಂತರ ಇದೆ ಅಂತ ಯಾರೋ ಹೇಳಿದ್ದರು. ಮಳೆಗಾಲದಲ್ಲಿ ಹಳ್ಳ ತುಂಬುತ್ತದೆ ಎಂದು ಬಿಡಿಸಿದಳು. ಬೇಸಿಗೆಗೆ ಅದು ಬತ್ತುತ್ತದೆ ಎಂಬುದು ಯಾರಿಗೂ ನೆನಪಾಗಲಿಲ್ಲ.

ಹುಕ್ಕೇರಿಯ ಸಾಲಿಯ ಮುಂದೆ ರಸ್ತೆ ಎಷ್ಟು ಅಗಲ ಇದೆಯೋ.

೨೪ ಅಕ್ಟೋಬರ್, ಶನಿವಾರ

ಬೆಳಗಾವಿಯ ಓಂಕಾರ ಸರ್ ಬಂದಿದ್ದರು. ಊರೂರು ತಿರುಗಿ ಫೋಟೋ ತೆಗೆಯುವುದನ್ನು ಕಲಿಸುವವರು. ಹಿಡಕಲ್ ಡ್ಯಾಮಿನ ಹಿನ್ನೀರಿನ ನಡುವೆ ಕೆಂಚನಗುಡ್ಡ ಅಂತ ಒಂದು ನಡುಗಡ್ಡೆ ಇದೆಯಂತೆ. ವರ್ಷಕ್ಕೆ ಮೂರು ಸಲ ಅಲ್ಲಿ ಅವರ ಶಿಬಿರ. ಕಪ್ಪು-ಬಿಳುಪು ರೋಲನ್ನು ಅಲ್ಲೇ ತೊಳೆದು ತೋರಿಸುವುದಕ್ಕೆ ಒಬ್ಬ ಬೇಕು.

ನನ್ನ ಸ್ಟುಡಿಯೋದ ಪರದೆಯ ಮೇಲೂ ಒಂದು ನಡುಗಡ್ಡೆ ಇದೆ. ನೀಲಿ ನೀರು, ಎರಡು ತೆಂಗಿನ ಮರ, ಒಂದು ಹಂಸ. ಮೂಡಲಗಿಯ ಅರ್ಧ ಊರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದೆ. ಓಂಕಾರ ಸರ್ ಅದನ್ನು ನೋಡಿ ಕೇಳಿದರು:

"ಖರೇ ನಡಗಡ್ಡಿ ನೋಡೀರೇನು?"

"ನೀರ ಅಂದ್ರ ನನಗ ಆಗೂದಿಲ್ರಿ ಸರ್."

"ಮತ್ತ ರೋಲ್ ಎದರಾಗ ತೊಳೀತೀರಿ?"

ಆಗುವುದಿಲ್ಲ ಅನ್ನುವವನೇ ಇದ್ದೆ. ಹಿಡಕಲ್ಲಿಗೆ ಹುಕ್ಕೇರಿಯ ಮೇಲೆ ಹೋಗಬಹುದು ಎಂದು ಹೊಳೆಯಿತು. ಬರುವಾಗ ತೃಪ್ತಿಯನ್ನು ನೋಡಬಹುದು. ಹ್ಞೂಂ ಅಂದೆ.

೬ ನವೆಂಬರ್, ಶುಕ್ರವಾರ. ಕೆಂಚನಗುಡ್ಡ

ಬದುಕಿದ್ದೇನೆ.

ಊರಿನಿಂದ ಲಾರಿಯ ಟ್ಯೂಬಿಗೆ ಗಾಳಿ ತುಂಬಿಸಿ ತಂದಿದ್ದೆ. ಬಸ್ಸಿನಲ್ಲಿ ಕಂಡಕ್ಟರು ಅದಕ್ಕೂ ಟಿಕೀಟು ಹರಿದ. ದಂಡೆಯಲ್ಲಿ ಅದನ್ನು ಸೊಂಟಕ್ಕೆ ಹಾಕಿಕೊಂಡು ದೋಣಿ ಹತ್ತಿದೆ. ದೋಣಿಯವನ ಹೆಸರು ಮಾಲಿಂಗಪ್ಪ. ಮೀನು ಹಿಡಿಯುವವನು, ಶಿಬಿರ ಇದ್ದಾಗ ಜನರನ್ನು ದಾಟಿಸುತ್ತಾನೆ.

"ಫೋಟೋ ಸಾವಕಾರ್ರ, ಲಾರಿ ಎಲ್ಲಿ ನಿಂದರಸಿ ಬಂದ್ರಿ?" ಅಂದ. ಶಿಬಿರದವರೆಲ್ಲ ನಕ್ಕರು.

ಕಾಲ ಬುಡದಲ್ಲಿ ಬಲೆ, ಬಲೆಯಲ್ಲಿ ಇನ್ನೂ ಒದ್ದಾಡುವ ಮೀನು. ಜೈನರ ಮನೆಯಲ್ಲಿ ಹುಟ್ಟಿದವನು ಕಾಲೆಲ್ಲಿ ಇಡಬೇಕು? ಎರಡೂ ಕಾಲು ಎತ್ತಿಕೊಂಡು, ಟ್ಯೂಬು ಹಿಡಿದುಕೊಂಡು, ಕಣ್ಣು ಮುಚ್ಚಿ ದಾಟಿದೆ. ನೀರು ಹೇಗಿತ್ತು ಎಂದು ಯಾರಾದರೂ ಕೇಳಿದರೆ ನನಗೆ ಗೊತ್ತಿಲ್ಲ.

ಗುಡ್ಡದ ಮೇಲೆ ಒಂದು ಕಲ್ಲಿನ ಮಂಟಪ, ಅದಕ್ಕೆ ತಾಡಪತ್ರಿ ಕಟ್ಟಿ ನನ್ನ ಕತ್ತಲೆಕೋಣೆ ಮಾಡಿದ್ದಾರೆ. ಮಂಟಪದ ಮೇಲಿನ ಒಂದು ಕಲ್ಲು ಸಡಿಲಿದೆ. ಅದು ಸರಿಯಾಗಿ ನಾನು ನಿಲ್ಲುವ ಜಾಗದ ಮೇಲೇ ಇದೆ. ಹುಲ್ಲು ಸೊಂಟದ ಮಟ ಬೆಳೆದಿದೆ, ಹಾವು ಇರಬಹುದು. ಗಾಳಿ ಎದ್ದರೆ ದೋಣಿ ಬರುವುದಿಲ್ಲವಂತೆ. ಜ್ವರ ಬಂದರೆ ಏನು ಮಾಡಬೇಕು? ಯಾರೂ ಇದನ್ನು ಯೋಚಿಸಿದಂತಿಲ್ಲ.

೭ ನವೆಂಬರ್

ನಮ್ಮಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಸಣ್ಣವನಿದ್ದಾಗಿನಿಂದ ನನಗೆ ಸಂಜೆ ಅಂದರೆ ತಾಟು. ಸೂರ್ಯ ಕೆಂಪಾಗುತ್ತಿದ್ದಂತೆ ಅವ್ವ "ಲಗೂ ಉಣ್ಣು, ಲಗೂ ಉಣ್ಣು" ಅನ್ನುತ್ತಿದ್ದಳು. ಇಲ್ಲಿ ಎಲ್ಲರೂ ದಿನವಿಡೀ ಕಾಯುವುದೇ ಆ ಹೊತ್ತಿಗೆ. ಬೆಳಕು ಬಂತು, ಬೆಳಕು ಬಂತು ಎಂದು ಗುಡ್ಡದ ತುದಿಗೆ ಓಡುತ್ತಾರೆ. ನಾನು ಮಂಟಪದ ಹಿಂದೆ ಕೂತು ರೊಟ್ಟಿ ಮುರಿಯುತ್ತೇನೆ. ಮೇಲಿನಿಂದ ಕ್ಯಾಮೆರಾಗಳ ಚಟ್ ಚಟ್ ಸಪ್ಪಳ ಬರುತ್ತದೆ.

"ಬೆಳಕಿಗೂ ನಿಮ್ಮ ರೊಟ್ಟಿಗೂ ಒಂದ ಮುಹೂರ್ತ ಆತಲ್ರಿ" ಅಂದರು ಓಂಕಾರ ಸರ್. ಅವರ ಮಾತಿನಲ್ಲಿ ಚೇಷ್ಟೆ ಇರಲಿಲ್ಲ.

ಅವರು ತೆಗೆದದ್ದನ್ನು ತೊಳೆದವನು ನಾನು. ನೆಗೆಟಿವಿನಲ್ಲಿ ನೀರೆಲ್ಲ ಕಪ್ಪಗೆ, ಗುಡ್ಡ ಬೆಳ್ಳಗೆ. ನಾನು ಉಣ್ಣುವಾಗ ಹೊರಗೆ ಇಷ್ಟೆಲ್ಲ ನಡೆದಿತ್ತು.

೯ ನವೆಂಬರ್, ಸೋಮವಾರ

ನಿನ್ನೆ ಬುತ್ತಿ ತೆಗೆದುಕೊಂಡು ತುದಿಗೆ ಹೋದೆ. ಪಡುವಣಕ್ಕೆ ಮುಖ ಮಾಡಿ ಕೂತೆ. ನೀರು ಮೊದಲು ಹಳೆಯ ತಾಮ್ರದ ಕೊಡದ ಬಣ್ಣ, ಆಮೇಲೆ ಹುಣಸೆಹಣ್ಣು ಹಚ್ಚಿ ತೊಳೆದ ಕೊಡದ ಬಣ್ಣ. ಒಂದು ನೀರುಕಾಗೆ ಒಣಗಿದ ಮರದ ಮೇಲೆ ರೆಕ್ಕೆ ಬಿಚ್ಚಿ ಒಣಗಲು ಹಾಕಿತ್ತು, ನಮ್ಮವ್ವ ಸೀರೆ ಹರವಿದಂತೆ. ಆ ಮರದ ಬುಡ ನೀರೊಳಗೇ ಇದೆ. ಒಂದು ಕಾಲಕ್ಕೆ ಅದು ಯಾರದೋ ಹೊಲದ ಬದುವಿನ ಮರ.

ರೊಟ್ಟಿ ಅರ್ಧ ಕೈಯಲ್ಲಿರುವಾಗಲೇ ಹೊತ್ತು ಮುಳುಗಿತು. ಉಳಿದದ್ದನ್ನು ಕಲ್ಲಿನ ಮೇಲೆ ಇಟ್ಟು ಬಂದೆ. ಅರ್ಧ ಊಟಕ್ಕೆ ಇಂದು ಹೊಟ್ಟೆ ಉರಿಯಬಹುದು ಅಂದುಕೊಂಡಿದ್ದೆ, ಉರಿಯಲಿಲ್ಲ. ನಾಳೆ ಉರಿಯಬಹುದು.

೧೦ ನವೆಂಬರ್. ಹುಕ್ಕೇರಿ, ಮಾವನ ಮನೆ

ಸಾಲಿಯ ಎದುರಿನ ಗೋಡೆಯ ಮರೆಯಲ್ಲಿ ನಿಂತು ತೃಪ್ತಿ ಹೊರಗೆ ಬರುವುದನ್ನು ನೋಡಿದೆ. ರಸ್ತೆ ಅಗಲವೇ ಇದೆ. ಅವಳು ಎರಡೂ ಕಡೆ ನೋಡಿ ದಾಟಿದಳು. ನನ್ನ ಅಂಗಿ ಬೆವರಿನಲ್ಲಿ ತೊಯ್ದಿತ್ತು. ದಾಟಿ ಬಂದು "ಅಪ್ಪಾ, ಗ್ವಾಡಿ ಹಿಂದ ಯಾಕ ಅಡಗೀದಿ?" ಅಂದಳು.

ದೀಪಾಲಿ ಚಹಾ ಕೊಟ್ಟಳು. ಮಾತಾಡಲು ಏನೂ ತೋಚದೆ ಗುಡ್ಡದ ಸುದ್ದಿ ಹೇಳಿದೆ. ತಾಮ್ರದ ಬಣ್ಣದ ನೀರು, ಸೀರೆ ಹರವಿದ ನೀರುಕಾಗೆ. ಚಹಾ ಆರಿ ಹೋಯಿತು. ದೀಪಾಲಿ ನನ್ನ ಮುಖ ನೋಡುತ್ತಾ ಕೂತಿದ್ದಳು. "ಯಾಕ?" ಅಂದರೆ, "ಏನಿಲ್ಲ, ಹೇಳ್ರಿ ಹೇಳ್ರಿ" ಅಂದಳು. ಹಾವಿನ ಮಾತು ಹೇಳಲು ಮರೆತೆ.

೧೪ ಡಿಸೆಂಬರ್. ಮೂಡಲಗಿ

ಬಹಳ ದಿನ ಬರೆಯಲಿಲ್ಲ. ಎದೆ ಹೊಡೆದುಕೊಳ್ಳುತ್ತಿದೆ. ಮದುವೆಗಳ ಸುಗ್ಗಿ. ಎಲ್ಲರೂ ಪರದೆಯ ಹಂಸದ ಬಾಜೂ ನಿಲ್ಲಬೇಕು ಅನ್ನುತ್ತಾರೆ. ಹಂಸವನ್ನು ನೋಡಿದರೆ ಈಗ ನಗು ಬರುತ್ತದೆ.

ಆ ಮಂಟಪದ ಕಲ್ಲು ಬಿತ್ತೋ ಏನೋ. ಗಾಳಿ ಜೋರಾಗಿದೆ. ಅಲ್ಲಿ ಈಗ ಯಾರೂ ಇಲ್ಲ.

೧೭ ಜನವರಿ ೧೯೯೯, ರವಿವಾರ. ಕೆಂಚನಗುಡ್ಡ

ಎರಡನೇ ಶಿಬಿರ. ಕಲ್ಲು ಬಿದ್ದಿಲ್ಲ. ಟ್ಯೂಬನ್ನು ದೋಣಿಯಲ್ಲಿ ಬಾಜೂ ಇಟ್ಟುಕೊಂಡಿದ್ದೆ. ಮಾಲಿಂಗಪ್ಪ ಅದರ ಮೇಲೆ ತನ್ನ ಬುತ್ತಿ ಇಟ್ಟ.

ನಿನ್ನೆ ಓಂಕಾರ ಸರ್ ತಮ್ಮದೊಂದು ಕ್ಯಾಮೆರಾ ನನ್ನ ಕೊರಳಿಗೆ ಹಾಕಿದರು. "ರಾಶಿ ಮಂದಿ ಮಾರಿ ತಗದೀರಿ. ಇವತ್ತ ಒಂದ ಜಾಗಾದಾಗ ಕುಂದರ್ರಿ. ಏನ್ ಬರತೈತಿ ಅದನ್ನ ತಗೀರಿ" ಅಂದರು. ಪಡುವಣದ ಬಂಡೆಯ ಮೇಲೆ ಕೂತೆ. ಮಧ್ಯಾಹ್ನದ ರೋಲು ಮುಗಿಯುವುದಕ್ಕೂ ಸೂರ್ಯ ಕೆಳಗಿಳಿಯುವುದಕ್ಕೂ ಸರಿಹೋಯಿತು. ಊಟದ ಹೊತ್ತು ಮೀರುತ್ತಿದೆ, ಬೆಳಕೂ ಬರುತ್ತಿದೆ. ಎಡಗೈಯಲ್ಲಿ ರೊಟ್ಟಿ ಹಿಡಿದು ತಿನ್ನುತ್ತಾ ಬಲಗೈಯಿಂದ ಹೊಸ ರೋಲು ಹಾಕಿ ಮುಚ್ಚಳ ಮುಚ್ಚಿದೆ. ಆಮೇಲೆ ಬೆಳಕು ಇರುವತನಕ ತೆಗೆದೆ.

ಇಂದು ತೊಳೆದೆ. ಸಂಜೆಯ ರೋಲು ಪೂರ್ತಿ ಗಾಜಿನಂತೆ ತಿಳಿ. ಒಂದೂ ಇಲ್ಲ. ಫಿಲ್ಮಿನ ಬಾಲ ಕ್ಯಾಮೆರಾದೊಳಗಿನ ಹಲ್ಲಿಗೆ ಸಿಕ್ಕೇ ಇರಲಿಲ್ಲ, ಒಳಗೆ ರೋಲು ತಿರುಗೇ ಇಲ್ಲ. ಸ್ಟುಡಿಯೋದಲ್ಲಿ ನಾನು ಗುಂಡಿ ತಿರುಗುತ್ತಿದೆಯೇ ಎಂದು ಮೂರು ಸಲ ನೋಡುವವನು. ಹತ್ತು ವರ್ಷದಲ್ಲಿ ಒಂದೂ ಮದುವೆಯ ಫೋಟೋ ಕೆಡಿಸಿಲ್ಲ. ಮದುವೆಯದಾಗಿದ್ದರೆ ಬೀಗರು ನನ್ನನ್ನು ಕಾಲುವೆಗೆ ಒಗೆಯುತ್ತಿದ್ದರು.

ಓಂಕಾರ ಸರ್ ಖಾಲಿ ರೋಲನ್ನು ಬಿಸಿಲಿಗೆ ಹಿಡಿದು ನೋಡಿ, "ರೊಟ್ಟಿ ಛಲೋ ಇತ್ತೇನ್ರಿ?" ಅಂದರು.

ನಾನೂ ನಕ್ಕೆ. ರಾತ್ರಿ ನಿದ್ದೆ ಬಂದಿತ್ತು ಎಂಬುದು ಈಗ ಬರೆಯುವಾಗ ನೆನಪಾಯಿತು.

೧೮ ಜನವರಿ. ಹುಕ್ಕೇರಿ

ತೃಪ್ತಿ "ಫೋಟೋ ಎಲ್ಲಿ?" ಅಂದಳು. ಬಂದಿಲ್ಲ ಅಂದೆ. "ಹಂಗಾರ ಬಾಯ್ಲೇ ತೋರ್ಸು" ಅಂದಳು. ಕಟ್ಟೆಯ ಮೇಲೆ ಕೂತು ಒಂದೊಂದಾಗಿ ಹೇಳಿದೆ. ಮೊದಲನೆಯದರಲ್ಲಿ ಮಾಲಿಂಗಪ್ಪ ಬಲೆ ಬೀಸಿದ್ದಾನೆ, ಬಲೆ ಇನ್ನೂ ನೀರಿಗೆ ಬಿದ್ದಿಲ್ಲ. ಮುಂದಿನದರಲ್ಲಿ ಬಿದ್ದಿದೆ, ಬರೀ ಬಳೆಯಂಥ ಗುರುತು. ಆಮೇಲಿನದರಲ್ಲಿ ಬೆಳ್ಳಕ್ಕಿಗಳು ನೀರಿಗೆ ತಾಕುವ ಹಾಗೆ ಹಾರುತ್ತಿವೆ, ಒಂದು ಹಿಂದೆ ಬಿದ್ದಿದೆ.

"ಯಾಕ ಹಿಂದ ಬಿತ್ತು?"

"ಗೊತ್ತಿಲ್ಲವ್ವಾ. ಅದಕ್ಕೂ ನನ್ನ ಗತೆ ಅಂಜಿಕಿ ಇರಬೇಕು."

"ಮುಂದ?"

ಕೊನೆಯದರತನಕ ಹೇಳಿದೆ. ತೆಗೆದು ಬಂದಿದ್ದರೂ ಇಷ್ಟು ನೆನಪಿರುತ್ತಿರಲಿಲ್ಲ. ಆಗ ತೃಪ್ತಿ ಕೇಳಿದಳು: "ನನ್ನನ್ನೂ ಕರ್ಕೊಂಡ ಹೋಗು. ಸುತ್ತಲೂ ನೀರ ಇರ್ತೈತಲ್ಲ, ನಡುವ ನಿಂದರ್ತೀನಿ."

ಬಾಯಿಗೆ ಮೊದಲು ಬಂದದ್ದು, "ಬ್ಯಾಡ. ನೀರೈತಿ ಅಲ್ಲಿ."

ದೀಪಾಲಿ ಅಕ್ಕಿ ಆರಿಸುತ್ತಿದ್ದವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಬಸ್ಸಿಗೆ ಹೊರಟಾಗಲೂ ಹೊರಗೆ ಬರಲಿಲ್ಲ.

೨೧ ಮಾರ್ಚ್. ಮೂಡಲಗಿ

ಉಪಾಯ ಹೊಳೆಯಿತು. ಬೇಸಿಗೆಗೆ ಹಿನ್ನೀರು ಇಳಿಯುತ್ತದಂತೆ. ಮೇ ತಿಂಗಳಲ್ಲಿ ಗುಡ್ಡಕ್ಕೆ ಕಾಲುದಾರಿಯಲ್ಲಿ ಹೋಗಬಹುದು, ದೋಣಿ ಬೇಕಿಲ್ಲ. ಸಾಲಿಗೂ ಸೂಟಿ. ಮಗಳ ಆಸೆಯೂ ತೀರುತ್ತದೆ, ಗಂಡಾಂತರವೂ ಇಲ್ಲ. ಯಾಕೆ ಮೊದಲೇ ಹೊಳೆಯಲಿಲ್ಲವೋ.

೯ ಮೇ, ರವಿವಾರ

ದೀಪಾಲಿಯನ್ನೂ ತೃಪ್ತಿಯನ್ನೂ ಕರೆದುಕೊಂಡು ಹೋಗಿ ಬಂದೆ.

ದೋಣಿ ದಾಟುತ್ತಿದ್ದ ಜಾಗದಲ್ಲಿ ಮಣ್ಣು ಬಿರಿದು ತಟ್ಟೆ ತಟ್ಟೆಯಾಗಿತ್ತು. ನಾನು ಕಾಲೆತ್ತಿಕೊಂಡು ಕೂತು ಹೋಗಿದ್ದ ನೀರಿನ ಬುಡದಲ್ಲಿ ಈಗ ಕುರಿ ಮೇಯುತ್ತಿದ್ದವು. ಮಾಲಿಂಗಪ್ಪನ ದೋಣಿ ದಂಡೆಯ ಮೇಲೆ ಬೋರಲು ಬಿದ್ದಿತ್ತು. ಏರು ಹತ್ತಿ ಬಂಡೆಯ ಮೇಲೆ ನಿಂತೆವು. ತೃಪ್ತಿ ನಾಲ್ಕೂ ಕಡೆ ತಿರುಗಿದಳು.

"ನೀರೆಲ್ಲಿ?"

"ಕೆಳಗ ಹೋಗೈತಿ. ಮಳಿಗಾಲಕ್ಕ ಬರತೈತಿ."

"ಹಂಗಾರ ಇದು ನಡಗಡ್ಡಿ ಅಲ್ಲ, ಗುಡ್ಡ." ಮತ್ತೊಮ್ಮೆ ಸುತ್ತ ನೋಡಿ ಹೇಳಿದಳು, "ಗುಡ್ಡಾ ನಮ್ಮ ಹುಕ್ಕೇರ್ಯಾಗೂ ಐತಿ. ನೀ ಹೇಳಿದ್ದ ಬ್ಯಾರೆ, ತೋರ್ಸಿದ್ದ ಬ್ಯಾರೆ, ಅಪ್ಪಾ."

ನೀರುಕಾಗೆಯ ಮರ ಬುಡದತನಕ ಕಂಡಿತು. ಪಾಪ, ಬಹಳ ಗಿಡ್ಡ ಮರ. ಸಂಜೆ ಬೆಳಕು ಬಂತು, ಬೀಳಲು ಜಾಗವಿಲ್ಲದಂತೆ ಮಣ್ಣಿನ ಮೇಲೆ ಬಿದ್ದು ಹೋಯಿತು. ಅಂಜಿಕೆಯೇ ಇಲ್ಲದೆ ಹೋಗಿ ಬಂದ ಮೊದಲ ಸಲ ಇದು. ಖುಷಿಯಾಗಬೇಕಿತ್ತು. ಯಾರೋ ನನ್ನ ಮನೆಯ ಸಾಮಾನೆಲ್ಲ ಹೊರಗೆ ಹಾಕಿದಂತೆ ಅನಿಸಿತು.

ವಾಪಸು ನಡೆಯುವಾಗ ದೀಪಾಲಿ ಅಂದಳು, "ನಿಮಗ ಬೇಕಾದ್ದನ್ನೆಲ್ಲಾ ಆಕಿಗೆ ಹಿಂಗ ತೋರಸ್ತೀರಿ ನೋಡ್ರಿ. ನೀರ ತಗದು."

ಹಳ್ಳ ನೆನಪಾಯಿತು. ಬೇಸಿಗೆಯಲ್ಲಿ ಒಮ್ಮೆ ಆ ಒಣ ಹಳ್ಳ ದಾಟಿ ಹೈಸ್ಕೂಲಿನ ಗೇಟಿನತನಕ ಹೋಗಿದ್ದೆ. ಸೂಟಿ ಇತ್ತು, ಕೀಲಿ ಹಾಕಿತ್ತು.

೨೪ ಜುಲೈ. ಮೂಡಲಗಿ

ಬಾಜೂ ಅಂಗಡಿಯ ಫೋನಿಗೆ ಓಂಕಾರ ಸರ್. "ಪಾರ್ಶ್ವನಾಥ, ಗುಡ್ಡದ ದಾರಿ ಮುಣಗೇತ್ರಿ." ಅಂಗಡಿಯವರಿಗೂ ಹೇಳಿದೆ, ಅವರಿಗೆ ಏನೂ ತಿಳಿಯಲಿಲ್ಲ.

ಅವ್ವನಿಗೆ ಹೇಳಿದೆ. "ನೀರ ಬಂದ್ರ ನಗತೀಯಲ್ಲೋ ಪಾರೀಸ. ಮುಂಚೆ ಮಳಿ ಬಂದ್ರ ಖೋಲಿ ಸೇರ್ತಿದ್ದಿ" ಅಂದಳು. ವಯಸ್ಸಾಯಿತು ಅವಳಿಗೆ, ಏನಾದರೂ ಅನ್ನುತ್ತಾಳೆ.

ಹುಕ್ಕೇರಿಗೆ ಕಾಗದ ಹಾಕಿದೆ: ಸಪ್ಟೆಂಬರಿನ ಶಿಬಿರಕ್ಕೆ ತೃಪ್ತಿಯನ್ನು ಕರೆದುಕೊಂಡು ದಂಡೆಗೆ ಬಾ. ಈ ಸಲ ನೀರಿರುತ್ತದೆ.

ಹಾಕಿದ ಮೇಲೆ ಡಬ್ಬಿಯೊಳಗೆ ಕೈ ಹಾಕಿ ತೆಗೆಯಲು ಬರುತ್ತದೆಯೇ ಎಂದು ನೋಡಿದೆ. ಬರುವುದಿಲ್ಲ.

೨೫ ಸಪ್ಟೆಂಬರ್, ಶನಿವಾರ. ಕೆಂಚನಗುಡ್ಡ

ಎಲ್ಲ ಸರಿಯಾಗಿ ಬರೆಯಬೇಕು.

ದಂಡೆಗೆ ನಾವು ಮುಟ್ಟುವಾಗ ಸಂಜೆಯಾಗುತ್ತಿತ್ತು. ನೀರು ತುಂಬಿತ್ತು, ಗುಡ್ಡ ನಡುವೆ ಕೂತಿತ್ತು. ತೃಪ್ತಿ ನನ್ನ ಅಂಗಿ ಹಿಡಿದು ಜಗ್ಗಿದಳು. ದೋಣಿಯಲ್ಲಿ ಓಂಕಾರ ಸರ್, ಶಿಬಿರದ ಇಬ್ಬರು ಹೆಣ್ಣುಮಕ್ಕಳು, ಅವರ ಗಂಟುಮೂಟೆ. ಜಾಗ ಒಂದೇ ಉಳಿದಿತ್ತು, ಅದೂ ಸಣ್ಣದು.

"ಕೂಸಿನ್ನ ಕೊಡ್ರಿ, ಸಾವಕಾರ್ರ. ಇವ್ರನ್ನ ಇಳಿಸಿ ನಿಮ್ಮಿಬ್ಬರಿಗೆ ಬರ್ತೀನಿ" ಅಂದ ಮಾಲಿಂಗಪ್ಪ.

ಮುಂದಿನ ಸಲಕ್ಕೆ ಮೂವರೂ ಕೂಡಿ ಹೋಗೋಣ ಎಂಬ ಮಾತು ನಾಲಗೆಯ ಮೇಲೆ ಇತ್ತು. ತಪ್ಪೇನೂ ಇರಲಿಲ್ಲ ಅದರಲ್ಲಿ. ದೀಪಾಲಿಯ ಕಡೆ ನೋಡಿದೆ.

"ನನ್ನ ಯಾಕ ನೋಡ್ತೀರಿ? ನೀವ ಹೇಳ್ರಿ."

ತೃಪ್ತಿ ನೀರನ್ನೇ ನೋಡುತ್ತಿದ್ದಳು. ನನ್ನ ಕಡೆ ನೋಡಿದರೆ ನಾನು ಬ್ಯಾಡ ಅನ್ನುತ್ತೇನೆ ಎಂದು ಅವಳಿಗೆ ಗೊತ್ತು. ಟ್ಯೂಬನ್ನು ಅವಳ ಕೊರಳಿಗೆ ಹಾಕಿ ತೋಳಿನ ಕೆಳಗೆ ಇಳಿಸಿದೆ.

"ಅಪ್ಪಾ, ಇದು ನಾರತೈತಿ."

"ನಾರಲಿ. ಹೋಗು."

ದೋಣಿ ದಂಡೆ ಬಿಟ್ಟಿತು. ಕಣ್ಣು ಮುಚ್ಚಲು ಆಗಲಿಲ್ಲ. ಕೈಗೆ ಏನಾದರೂ ಕೆಲಸ ಬೇಕಾಗಿ ಕ್ಯಾಮೆರಾ ತೆಗೆದೆ. ರೋಲು ಹಾಕಿದೆ, ಬಾಲ ಹಲ್ಲಿಗೆ ಸಿಕ್ಕಿಸಿದೆ, ಗುಂಡಿ ತಿರುಗುವುದನ್ನು ನೋಡಿದೆ. ತಲೆ ಎತ್ತುವಾಗ ದೋಣಿ ನಡುನೀರಲ್ಲಿತ್ತು. ಬೆಳಕು ಬಂದಿತ್ತು. ನೀರು ಆ ತೊಳೆದ ತಾಮ್ರ. ತೃಪ್ತಿ ಕೈ ಎತ್ತಿದಳು. ಒಂದೇ ಒಂದು ತೆಗೆದೆ.

ಅವಳು ಇಳಿದು ಏರು ಹತ್ತುವುದು ಕಂಡ ಮೇಲೆ ದೀಪಾಲಿ ಬುತ್ತಿ ಬಿಚ್ಚಿದಳು. "ಉಣ್ರಿ, ಹೊತ್ತ ಹೋಗಾಕತ್ತೈತಿ." ನೀರಿಗೆ ಮುಖ ಮಾಡಿ ಇಬ್ಬರೂ ಉಂಡೆವು. ರೊಟ್ಟಿಗೆ ಶೇಂಗಾ ಚಟ್ನಿ ಇತ್ತು. ಕೊನೆಯ ತುತ್ತು ಮುಗಿದಾಗ ಸೂರ್ಯ ಇನ್ನೂ ಒಂದಿಷ್ಟು ಉಳಿದಿದ್ದ.

ಮಾಲಿಂಗಪ್ಪ ವಾಪಸು ಬಂದು, "ಏನ್ ಮಗಳ್ರೀ, ನನ್ನ ಕೈಯಾಗಿನ ಹುಟ್ಟ ಕೇಳ್ತಾಳ" ಅಂದ.

೨೨ ನವೆಂಬರ್, ಸೋಮವಾರ. ಮೂಡಲಗಿ

ಬಹಳ ದಿನವಾಯಿತು. ಬರೆಯಲು ಅಂಥದ್ದೇನೂ ಇಲ್ಲ. ದೀಪಾವಳಿ ಮುಗಿಸಿ ದೀಪಾಲಿ, ತೃಪ್ತಿ ಬಂದಿದ್ದಾರೆ. ಇಂದಿನಿಂದ ತೃಪ್ತಿಗೆ ಇಲ್ಲಿನ ಸಾಲಿ, ಮಧ್ಯಾಹ್ನದತನಕ. ಕಬ್ಬಿನ ಟ್ರ್ಯಾಕ್ಟರುಗಳು ಶುರುವಾಗಿವೆ, ಅವಳು ರಸ್ತೆ ದಾಟುವತನಕ ಬಾಗಿಲಲ್ಲೇ ನಿಲ್ಲಬೇಕು ಎಂದು ರಾತ್ರಿಯೇ ಅಂದುಕೊಂಡಿದ್ದೆ.

ಬೆಳಿಗ್ಗೆ ಆ ದೋಣಿಯ ಫೋಟೋ ದೊಡ್ಡದು ಮಾಡಲು ಕತ್ತಲೆಕೋಣೆ ಹೊಕ್ಕೆ. ಹಳೆಯ ಪರದೆ ಬಿಚ್ಚಿಟ್ಟಿದ್ದೇನೆ, ಆ ಗೋಡೆಗೆ ಇದನ್ನು ಹಾಕಬೇಕು. ಫೋಟೋದೊಳಗಿನ ನೀರು ಮೂರು ಸಲ ಕೆಟ್ಟಿತು, ಬಹಳ ಕಪ್ಪಾಯಿತು, ಬಹಳ ಬಿಳುಪಾಯಿತು. ನಾಲ್ಕನೆಯ ಸಲ ಕಾಗದದ ಮೇಲೆ ಗುಡ್ಡ ನಿಧಾನಕ್ಕೆ ಎದ್ದು ಬಂತು, ಆಮೇಲೆ ದೋಣಿ, ಆಮೇಲೆ ಎತ್ತಿದ ಕೈ. ಅದನ್ನು ಒಣಗಲು ಹಾಕಿ ಹೊರಗೆ ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು, ಬಾಗಿಲಲ್ಲಿ ತೃಪ್ತಿ ಪಾಟೀಚೀಲ ಹಿಡಿದು ನಿಂತಿದ್ದಳು.

"ಇನ್ನೂ ಹೋಗಿಲ್ಲೇನು ಸಾಲಿಗೆ?" ಅಂದೆ.

"ಹೋಗಿ ಬಂದೆ" ಅಂದಳು.